ಫಲಕದ ಇಸವಿ, ಗೋಡೆಯ ಇಸವಿ: ಮಂಗಳೂರಿನ ಹಳೆಯ ಕಟ್ಟಡಗಳನ್ನು ನೋಡುವ ಬಗೆ

(ಮೈಸೂರಿನಲ್ಲಿ ಪರಂಪರೆಯ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಈ ಮೇಜಿನ ಮೇಲೆ ಒಂದು ಹೆಂಚು ಇಟ್ಟಿದ್ದೇನೆ. ಅದರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಶ್ರೀರಂಗಪಟ್ಟಣಕ್ಕೆ ಹೋಗೋಣ.

ನಮ್ಮಲ್ಲಿ ಹೆಚ್ಚಿನವರು ಶಾಲೆಯ ಪ್ರವಾಸದಲ್ಲಿ ಸಾಲಾಗಿ ನಿಂತು ದರಿಯಾ ದೌಲತ್ ನೋಡಿದವರು. ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ, ಸಿಡಿಯುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿ, ಇವೆಲ್ಲ ನೆನಪಿನಲ್ಲಿ ಉಳಿದಿರುತ್ತವೆ. ಆದರೆ ಆ ಹೆಸರನ್ನು ಬಿಡಿಸಿ ನೋಡಿದವರು ಕಡಿಮೆ. ದರಿಯಾ ಎಂದರೆ ಸಮುದ್ರ, ದೌಲತ್ ಎಂದರೆ ಸಂಪತ್ತು. ಕಾವೇರಿಯ ದಂಡೆಯಲ್ಲಿ, ಘಟ್ಟದ ಈಚೆ, ಉಪ್ಪುಗಾಳಿ ಎಂದೂ ಸುಳಿಯದ ಜಾಗದಲ್ಲಿ ಕಡಲಿನ ಸಂಪತ್ತು ಎಂಬ ಹೆಸರಿನ ಅರಮನೆ. ಅದು ಕಟ್ಟಿದ್ದು 1784ರಲ್ಲಿ. ಅದೇ 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಟಿಪ್ಪು ಸುಲ್ತಾನನಿಗೂ ಈಸ್ಟ್ ಇಂಡಿಯಾ ಕಂಪನಿಗೂ ಒಪ್ಪಂದವಾಯಿತು. ಎರಡನೆಯ ಮೈಸೂರು ಯುದ್ಧ ಮುಗಿಯಿತು. ಅದೇ ವರ್ಷ ಮಂಗಳೂರಿನ ಬೋಳೂರಿನಲ್ಲಿ, ನದಿಯ ಬಾಯಿಗೆ ಎದುರಾಗಿ, ಸುಲ್ತಾನ್ ಬತ್ತೇರಿ ಎದ್ದಿತು. ನಮ್ಮ ಮೈಸೂರಿಗೆ ಒಂದು ಕಡಲು ಇತ್ತು ಎಂಬುದನ್ನು ನಾವು ಮರೆತಿದ್ದೇವೆ. ಅದನ್ನು ನೆನಪಿಸಲೆಂದೇ ಇಂದು ಮಂಗಳೂರಿನ ವಿಷಯವನ್ನು ಆರಿಸಿಕೊಂಡೆ.

ನಾನು ಹತ್ತಾರು ಸಲ ಸಂಪಾಜೆ ಘಟ್ಟ ಇಳಿದು ಆ ಊರಿನ ಕಟ್ಟಡಗಳನ್ನು ನೋಡಿದ್ದೇನೆ. ಮೊದಮೊದಲು ನನಗೆ ನಿರಾಸೆಯಾಗಿತ್ತು. 1568ರ ಚರ್ಚು ಎಂದು ಓದಿಕೊಂಡು ಹೋಗುತ್ತಿದ್ದೆ, ಎದುರಿಗೆ ಇಪ್ಪತ್ತನೆಯ ಶತಮಾನದ ಕಟ್ಟಡ ನಿಂತಿರುತ್ತಿತ್ತು. ಏಳನೆಯ ಶತಮಾನದ ಮಸೀದಿ ಎನ್ನುತ್ತಿದ್ದರು, ಒಳಗಿನ ಕೆತ್ತನೆ ಹದಿನೆಂಟನೆಯ ಶತಮಾನದ ಮಾತು ಹೇಳುತ್ತಿತ್ತು. ಇದು ಮೋಸವೇನೋ ಎಂದು ಮನಸ್ಸಿಗೆ ಬಂದದ್ದೂ ಉಂಟು. ಅದು ನನ್ನ ತಿಳಿವಳಿಕೆಯ ಕೊರತೆ ಎಂದು ಅರಿವಾಗಲು ಒಂದು ಮಳೆಗಾಲ ಬೇಕಾಯಿತು.

ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬೀಳುತ್ತದೆ. ಮಂಗಳೂರಿನಲ್ಲಿ 3,500 ಮಿಲಿಮೀಟರಿಗೂ ಹೆಚ್ಚು, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅದರ ಜೊತೆಗೆ ಉಪ್ಪಿನ ಗಾಳಿ. ಅಲ್ಲಿ ಸುಲಭವಾಗಿ ಸಿಗುವ ಕಟ್ಟಡದ ಕಲ್ಲು ಮುರಕಲ್ಲು, ನಾವು ಜಂಬಿಟ್ಟಿಗೆ ಎನ್ನುವುದು. ನೆಲದೊಳಗೆ ಇರುವಾಗ ಅದನ್ನು ಕೊಡಲಿಯಿಂದ ಕತ್ತರಿಸಬಹುದು, ಅಷ್ಟು ಮೆದು. ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಆದರೆ ಮೈಯೆಲ್ಲ ತೂತು. ನೀರನ್ನು ಹೀರುತ್ತದೆ, ಪಾಚಿ ಕಟ್ಟುತ್ತದೆ. ಇಲ್ಲಿ ಒಂದು ಸಣ್ಣ ವಿಷಯಾಂತರಕ್ಕೆ ಅವಕಾಶ ಕೊಡಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನೂ ಕೆನರಾ, ಮಲಬಾರುಗಳನ್ನೂ ಸುತ್ತಿದ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ವರದಿಯಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಪದದಿಂದ ಮಾಡಿದ ಹೆಸರು. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಆ ಹೆಸರನ್ನೇ ಬಳಸುತ್ತಾರೆ. ನಮ್ಮ ಜಂಬಿಟ್ಟಿಗೆ ಎಂಬ ಪದದೊಳಗೂ ಇಟ್ಟಿಗೆಯೇ ಕುಳಿತಿದೆ, ನೋಡಿ.

ಹಾಗಾಗಿ ಕರಾವಳಿಯ ಕಟ್ಟಡವೆಂದರೆ ಒಮ್ಮೆ ಕಟ್ಟಿ ಮುಗಿಸಿದ್ದಲ್ಲ, ಕಟ್ಟುತ್ತಲೇ ಇರಬೇಕಾದದ್ದು. ಚಾವಣಿ ತಪ್ಪಿದರೆ ನಾಲ್ಕೈದು ಮಳೆಗಾಲದಲ್ಲಿ ಗೋಡೆ ಹೋಗುತ್ತದೆ. ಯಾರು ಚಾವಣಿ ಹೊದಿಸುತ್ತ ಬಂದರೋ ಅವರ ಕಟ್ಟಡ ಉಳಿಯಿತು, ಪ್ರತಿ ತಲೆಮಾರಿನಲ್ಲೂ ಸ್ವಲ್ಪ ಬದಲಾಗುತ್ತ ಉಳಿಯಿತು. ಅಂದಿನಿಂದ ನಾನು ಎಲ್ಲಿಗೆ ಹೋದರೂ ಎರಡು ಇಸವಿಗಳನ್ನು ಕೇಳುತ್ತೇನೆ. ಒಂದು, ಫಲಕದ ಇಸವಿ. ಆ ಜಾಗದಲ್ಲಿ ಮೊದಲು ಪೂಜೆಯೋ ಪ್ರಾರ್ಥನೆಯೋ ಆರಂಭವಾದ ವರ್ಷ. ಇನ್ನೊಂದು, ಗೋಡೆಯ ಇಸವಿ. ನಾನು ಕೈಯಿಟ್ಟು ಮುಟ್ಟುತ್ತಿರುವ ಕಲ್ಲು, ಗಾರೆ, ಮರ ಅಲ್ಲಿಗೆ ಬಂದ ವರ್ಷ. ನಮ್ಮ ಅರಮನೆಯನ್ನೇ ನೋಡಿ. ಒಡೆಯರ ಅರಮನೆ ಎಷ್ಟು ಹಳೆಯದು ಎಂದು ಕೇಳಿದರೆ ಶತಮಾನಗಳ ಲೆಕ್ಕ ಹೇಳುತ್ತೇವೆ. ಮರದ ಅರಮನೆ 1897ರಲ್ಲಿ ಸುಟ್ಟುಹೋಗಿ, ಹೆನ್ರಿ ಇರ್ವಿನ್ ರೂಪಿಸಿದ ಕಲ್ಲಿನ ಅರಮನೆ ಮುಗಿದದ್ದು 1912ರಲ್ಲಿ. ದರಿಯಾ ದೌಲತ್ತಿನ ಆ ಯುದ್ಧದ ಚಿತ್ರವನ್ನು ಸಹ ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಯಿಸಿದ. ಎರಡು ಇಸವಿಗಳ ನಡುವೆ ಏನು ನಡೆಯಿತು ಎಂಬುದೇ ಆ ಕಟ್ಟಡದ ಚರಿತ್ರೆ.

ಈಗ ಊರೊಳಗೆ ಹೋಗೋಣ. ನೇತ್ರಾವತಿ ದಕ್ಷಿಣದಿಂದ, ಗುರುಪುರ ನದಿ ಉತ್ತರದಿಂದ ಬಂದು ಸಮುದ್ರ ಸೇರುವ ಅಳಿವೆಯ ಹಿಂದೆ ಊರು ಇದೆ. ಗುರುಪುರ ನದಿಯನ್ನು ಫಲ್ಗುಣಿ ಎಂದೂ ಕರೆಯುತ್ತಾರೆ. ತುಳುವಿನಲ್ಲಿ ಊರಿನ ಹೆಸರು ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿ ಭಾಷೆಯಲ್ಲಿ ಮೈಕಾಲ. ಮಂಗಳಾದೇವಿಯಿಂದ ಮಂಗಳೂರು. ಒಂದೇ ಊರನ್ನು ನಾಲ್ಕು ಭಾಷೆಗಳು ನಾಲ್ಕು ಹೆಸರಿನಿಂದ ಕರೆಯುತ್ತಿದ್ದರೆ, ಅಲ್ಲಿ ಯಾರೂ ಅತಿಥಿಗಳಲ್ಲ, ಎಲ್ಲರೂ ಮನೆಯವರೇ ಎಂದು ನಾನು ತಿಳಿಯುತ್ತೇನೆ.

ಮೊದಲು ಸುಲ್ತಾನ್ ಬತ್ತೇರಿ. ಕೋಟೆ ಎಂದು ಕಲ್ಪಿಸಿಕೊಂಡು ಹೋಗಬೇಡಿ. ಕಪ್ಪು ಕಲ್ಲಿನ ಒಂದು ಕಾವಲು ಬುರುಜು ಅಷ್ಟೇ. ಮೆಟ್ಟಿಲು ಹತ್ತಿ ನಾಲ್ಕು ಹೆಜ್ಜೆ ನಡೆದರೆ ಮುಗಿಯಿತು. ಗೋಡೆಯಲ್ಲಿ ಫಿರಂಗಿಗಳಿಗಾಗಿ ಬಿಟ್ಟ ಕಂಡಿಗಳಿವೆ, ಕೆಳಗೆ ಮದ್ದು ಇಡುವ ನೆಲಮಾಳಿಗೆ ಇದೆ. ಬತ್ತೇರಿ ಎಂದರೆ ಫಿರಂಗಿಗಳನ್ನು ಹೂಡುವ ಜಾಗ, ಇಂಗ್ಲಿಷಿನ ಬ್ಯಾಟರಿ. ಗುಂಡ್ಲುಪೇಟೆ ದಾಟಿ ವಯನಾಡಿಗೆ ಹೋಗುವಾಗ ನಿಮಗೆ ಸಿಗುವ ಸುಲ್ತಾನ್ ಬತ್ತೇರಿ ಎಂಬ ಪಟ್ಟಣದ ಹೆಸರೂ ಇದೇ ಪದದಿಂದ, ಇದೇ ಸುಲ್ತಾನನಿಂದ ಬಂದದ್ದು. ಬುರುಜಿನ ಮೇಲೆ ನಿಂತು ನದಿಯನ್ನು ನೋಡಿ. ಕಡಲಿನಿಂದ ಒಳಗೆ ಬರುವ ಹಡಗು ಈ ಕಂಡಿಗಳ ಮುಂದೆ ಹಾದೇ ಹೋಗಬೇಕು. ಅದಕ್ಕಾಗಿಯೇ ಇದನ್ನು ಇಲ್ಲಿ ಕಟ್ಟಿದ್ದು.

ಇಷ್ಟು ಎಚ್ಚರ ಏಕೆ ಬೇಕಾಯಿತು? ಹಿಂದಿನ ವರ್ಷದ ಮುತ್ತಿಗೆಯನ್ನು ತಿಳಿದರೆ ಅರ್ಥವಾಗುತ್ತದೆ. 1763ರಲ್ಲಿ ಕೆಳದಿಯ ಬಿದನೂರನ್ನು ಗೆದ್ದ ಹೈದರಾಲಿಗೆ ಮಂಗಳೂರು ದಕ್ಕಿತು. ಅಲ್ಲಿಂದ ಮೈಸೂರಿಗೆ ಬಂದರು, ಹಡಗು, ಕಡಲಿನ ವ್ಯಾಪಾರ ಎಲ್ಲವೂ ಬಂದವು. 1782ರ ಡಿಸೆಂಬರಿನಲ್ಲಿ ಯುದ್ಧದ ನಡುವೆಯೇ ಹೈದರ್ ತೀರಿಕೊಂಡ. ಮುಂದಿನ ವರ್ಷದ ಆರಂಭದಲ್ಲಿ ಇಂಗ್ಲಿಷರು ಬಿದನೂರನ್ನೂ ಮಂಗಳೂರನ್ನೂ ಹಿಡಿದರು. ಟಿಪ್ಪು ಬಿದನೂರನ್ನು ಮರಳಿ ಪಡೆದು 1783ರ ಮೇ ತಿಂಗಳಲ್ಲಿ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ. ಮಳೆಗಾಲ ಬಂತು. ನಮ್ಮ ಬಯಲು ಸೀಮೆಯ ಸೈನಿಕರು ಆ ಮಳೆಯಲ್ಲಿ, ಕೆಸರಿನ ಕಂದಕಗಳಲ್ಲಿ ತಿಂಗಳುಗಟ್ಟಲೆ ಕುಳಿತರು. ನಡುವೆ ಯುರೋಪಿನಲ್ಲಿ ಶಾಂತಿಯಾಯಿತು ಎಂಬ ಸುದ್ದಿ ಬಂದು, ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಕೈ ಹಿಂದಕ್ಕೆ ತೆಗೆದುಕೊಂಡರು. ಕೋಟೆಯ ಒಳಗೆ ಕರ್ನಲ್ ಕ್ಯಾಂಬೆಲ್‌ನ ಪಡೆ ಹಸಿವಿನಿಂದಲೂ ರೋಗದಿಂದಲೂ ಸೊರಗಿತು. 1784ರ ಜನವರಿ 30ರಂದು ಆತ ಕೋಟೆ ಒಪ್ಪಿಸಿದ. ಎರಡು ತಿಂಗಳು ಕಳೆಯುವುದರೊಳಗೆ ಮುಂಬೈಯಲ್ಲಿ ತೀರಿಕೊಂಡ. ಅಷ್ಟೆಲ್ಲ ರಕ್ತ ಹರಿದ ಆ ಕೋಟೆ ಇಂದು ಇಲ್ಲ. ಉಳಿದದ್ದು ಈ ಪುಟ್ಟ ಬುರುಜು.

ಈ ಬುರುಜಿನಲ್ಲಿ ಫಲಕದ ಇಸವಿಯೂ ಗೋಡೆಯ ಇಸವಿಯೂ ಒಂದೇ. ಯುದ್ಧ ಮುಗಿದ ಮೇಲೆ ಇದು ಯಾರ ದಿನನಿತ್ಯದ ಕೆಲಸಕ್ಕೂ ಬೇಕಾಗಲಿಲ್ಲ, ಹಾಗಾಗಿ ಯಾರೂ ಬದಲಿಸಲಿಲ್ಲ. ಕೆಳಗಿನ ಕಡವಿನಿಂದ ದೋಣಿಯಲ್ಲಿ ತಣ್ಣೀರುಬಾವಿಗೆ ದಾಟಬಹುದು. ದಾಟುತ್ತ ಹಿಂತಿರುಗಿ ನೋಡಿ. ಶತ್ರು ಹಡಗಿನವರ ಕಣ್ಣಿಗೆ ಅದು ಹೇಗೆ ಕಾಣುತ್ತಿತ್ತು ಎಂಬುದು ದಡದಲ್ಲಿ ನಿಂತರೆ ಗೊತ್ತಾಗುವುದಿಲ್ಲ.

ಇನ್ನು ಹೇಳುವ ವಿಷಯ ಮೈಸೂರಿನವರಾದ ನಮಗೆ ಕಷ್ಟದ್ದು. ಆದರೂ ಹೇಳಬೇಕು. ಹಂಪನಕಟ್ಟೆಯಲ್ಲಿ ಮಿಲಾಗ್ರಿಸ್ ಚರ್ಚು ಇದೆ. ಫಲಕದ ಇಸವಿ 1680, ಈಗಿನ ಕಟ್ಟಡ 1911ರದ್ದು. ನಡುವೆ 1784 ಇದೆ. ಕೋಟೆ ಕೈಗೆ ಬಂದ ಮರುತಿಂಗಳು, ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸಾವಿರಾರು ಜನರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದ. ಮಿಲಾಗ್ರಿಸ್ ಸೇರಿದಂತೆ ಅನೇಕ ಚರ್ಚುಗಳನ್ನು ಕೆಡವಿಸಿದ. ಹೆಂಗಸರು, ಮಕ್ಕಳು, ಮುದುಕರು ಆ ಘಟ್ಟವನ್ನು ಕಾಲ್ನಡಿಗೆಯಲ್ಲಿ ಹತ್ತಿದರು. ದಾರಿಯಲ್ಲಿ ಸತ್ತವರು ಎಷ್ಟೋ, ಸೆರೆಯಲ್ಲಿ ಸತ್ತವರು ಎಷ್ಟೋ. ಉಳಿದವರು ಬಿಡುಗಡೆಯಾಗಿ ಮರಳಿದ್ದು 1799ರಲ್ಲಿ, ಟಿಪ್ಪು ಮಡಿದ ಮೇಲೆ. ಹದಿನೈದು ವರ್ಷ. ಮರಳಿದವರಿಗೆ ಮನೆ ಇರಲಿಲ್ಲ, ಭೂಮಿ ಬೇರೆಯವರ ಕೈಯಲ್ಲಿತ್ತು. ಅವರು ಎಲ್ಲವನ್ನೂ ಮೊದಲಿನಿಂದ ಕಟ್ಟಿದರು.

ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಆ ನೆನಪು ಇಂದಿಗೂ ಇದೆ. ಅಂಥ ಒಂದು ಮನೆಯಲ್ಲಿ ನಾನು ಮೈಸೂರಿನವನು ಎಂದಾಗ ಹಿರಿಯರೊಬ್ಬರು, ‘ನಮ್ಮ ಹಿರಿಯರೂ ನಿಮ್ಮ ಊರಿನ ಕಡೆಗೆ ಬಂದಿದ್ದರು’ ಎಂದರು. ದನಿಯಲ್ಲಿ ಕಹಿ ಇರಲಿಲ್ಲ. ಊಟ ಬಡಿಸುತ್ತ ಹೇಳಿದ ಮಾತು ಅದು. ನನಗೆ ತುತ್ತು ಇಳಿಯುವುದು ಕಷ್ಟವಾಯಿತು. ಶ್ರೀರಂಗಪಟ್ಟಣದ ಕೋಟೆಯ ಗೋಡೆಯ ಪಕ್ಕದಲ್ಲಿ ನಾವು ಎಷ್ಟು ಸಲ ನಡೆದಿಲ್ಲ? ಆ ಹದಿನೈದು ವರ್ಷಗಳನ್ನು ಎಷ್ಟು ಸಲ ನೆನೆದಿದ್ದೇವೆ?

ಊರಿನ ಹಳೆಯ ಚರ್ಚು ಪಾಂಡೇಶ್ವರದ ಬಳಿಯ ರೊಜಾರಿಯೊ. 1568ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಆರಂಭವಾದದ್ದು. ಈಗಿನ ಗುಮ್ಮಟದ ಕಟ್ಟಡ ಇಪ್ಪತ್ತನೆಯ ಶತಮಾನದ ಮೊದಲ ಭಾಗದ್ದು.

ಬಂದರಿನ ಹಳೆಯ ಮಸೀದಿಗೂ ಟಿಪ್ಪುವಿನ ಹೆಸರು ಸೇರಿಕೊಂಡಿದೆ. ಝೀನತ್ ಬಕ್ಷ್ ಜುಮಾ ಮಸೀದಿ. ಊರಿನವರು ಬೆಳಿಯ ಪಳ್ಳಿ, ಅಂದರೆ ದೊಡ್ಡ ಮಸೀದಿ, ಎನ್ನುತ್ತಾರೆ. ಅರಬ್ ನಾಡಿನಿಂದ ಬಂದ ಮಾಲಿಕ್ ದೀನಾರ್ ಮತ್ತು ಸಂಗಡಿಗರು ಏಳನೆಯ ಶತಮಾನದಲ್ಲಿ ಸ್ಥಾಪಿಸಿದರು ಎಂಬುದು ಅಲ್ಲಿನ ಪರಂಪರೆಯ ನಂಬಿಕೆ. ಹದಿನೆಂಟನೆಯ ಶತಮಾನದಲ್ಲಿ ಟಿಪ್ಪು ಅದನ್ನು ನವೀಕರಿಸಿದ; ಮಗಳ ಹೆಸರು ಮಸೀದಿಗೆ ಬಂತು ಎನ್ನುತ್ತಾರೆ. ಒಳಗಿನ ಮರದ ಕೆತ್ತನೆಯನ್ನು ನೋಡಿದರೆ, ಚಿತ್ತಾರ ಕೆತ್ತಿದ ಕೈ ಕರಾವಳಿಯ ಬಡಗಿಯದು ಎಂದು ಹೇಳಿಬಿಡಬಹುದು. ಒಂದೇ ಮನುಷ್ಯ ಒಂದೆಡೆ ಕೆಡವಿದ, ಒಂದೆಡೆ ಕಟ್ಟಿದ. ಒಂದನ್ನು ಮುಚ್ಚಿ ಇನ್ನೊಂದನ್ನು ಹೇಳಿದರೆ ಊರು ಅರ್ಥವಾಗುವುದಿಲ್ಲ.

ಬಂದರು ಬೀದಿಗಳಿಗೆ ಬೆಳಿಗ್ಗೆ ಹೋಗಿ. ಹೆಂಚಿನ ಚಾವಣಿಯ ಹಳೆಯ ಗೋದಾಮುಗಳು, ಮೆಣಸಿನಕಾಯಿ ಮತ್ತು ಒಣಮೀನಿನ ವಾಸನೆ, ಧಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಸಾಮಾನು ಹೇರಿಕೊಳ್ಳುವ ಮಂಜಿ ಎಂಬ ಮರದ ಹಡಗುಗಳು. ದೊಡ್ಡ ಹಡಗುಗಳು 1974ರಿಂದ ಈಚೆಗೆ ಪಣಂಬೂರಿನ ಹೊಸ ಬಂದರಿಗೆ ಹೋಗಿವೆ. ಹಳೆಯ ಬಂದರು ಮಾತ್ರ ಹಳೆಯ ಕೆಲಸವನ್ನೇ ಮಾಡುತ್ತಿದೆ.

ಇಲ್ಲಿ ನಿಂತಾಗಲೆಲ್ಲ ನನಗೆ ಗೋಡೆಯೇ ಉಳಿಯದ ಒಂದು ಮನೆಯ ನೆನಪಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ, ಟ್ಯುನೀಶಿಯದಲ್ಲಿ ಹುಟ್ಟಿದವನು, ಮಂಗಳೂರಿನಲ್ಲಿ ಹದಿನೇಳು ವರ್ಷಗಳಷ್ಟು ಕಾಲ ನೆಲೆಸಿದ್ದ. ಇಲ್ಲಿ ಅವನದೊಂದು ಕಂಚು ಹಿತ್ತಾಳೆಯ ಕಾರ್ಖಾನೆ ಇತ್ತು. ಅರೇಬಿಯಾದ ಏಡನ್ ಬಂದರಿನಿಂದ ಅವನ ಗೆಳೆಯರು ಒಡೆದ ಪಾತ್ರೆಗಳನ್ನು, ಲೋಹವನ್ನು ಕಳುಹಿಸಿ, ಇಂಥ ಅಳತೆಯ ಪಾತ್ರೆ ಮಾಡಿಸಿ ಕಳುಹಿಸು ಎಂದು ಬರೆಯುತ್ತಿದ್ದರು. ಆಶು ಎಂಬ ಇಲ್ಲಿನ ಹೆಣ್ಣಿಗೆ ದಾಸ್ಯದಿಂದ ಬಿಡುಗಡೆ ಕೊಟ್ಟ ಪತ್ರವನ್ನು ಅವನು 1132ರಲ್ಲಿ ಮಂಗಳೂರಿನಲ್ಲಿಯೇ ಬರೆದ. ಅವನ ವ್ಯವಹಾರಕ್ಕಾಗಿ ಕಡಲು ದಾಟಿ ಏಡನ್ನಿಗೆ ಹೋಗಿಬರುತ್ತಿದ್ದವನ ಹೆಸರು ಬೊಮ್ಮ. ಬೊಮ್ಮ! ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೂಗಿ ಕರೆಯುವ ಹೆಸರು. ಈ ಕಾಗದಗಳೆಲ್ಲ ಸಿಕ್ಕಿದ್ದು ಈಜಿಪ್ಟಿನ ಕೈರೋದಲ್ಲಿ, ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಒಂದು ಹಳೆಯ ಸಿನಗಾಗ್‌ನ ಕಾಗದದ ಕೋಣೆಯಲ್ಲಿ. ಅಲ್ಲಿನ ಒಣ ಹವೆ ಎಂಟು ಶತಮಾನ ಅವುಗಳನ್ನು ಕಾಪಾಡಿತು. ಮಂಗಳೂರಿನ ಮಳೆಯಲ್ಲಿ ಒಂದು ಚೂರೂ ಉಳಿಯುತ್ತಿರಲಿಲ್ಲ. ಎರಡು ಶತಮಾನದ ನಂತರ ಬಂದ ಇಬ್ನ್ ಬತೂತ ಇದೇ ಊರನ್ನು ಮಂಜರೂರು ಎಂದು ಕರೆದು, ನಾಲ್ಕು ಸಾವಿರದಷ್ಟು ಮುಸ್ಲಿಮರು ಇಲ್ಲಿ ಇದ್ದರು ಎಂದು ದಾಖಲಿಸಿದ.

ಕಂಚಿನ ಮಾತು ಬಂದದ್ದರಿಂದ ಕದ್ರಿಗೆ ಹೋಗೋಣ. ಮಂಜುನಾಥ ದೇವಸ್ಥಾನದ ಕಟ್ಟಡ ಹಲವು ಕಾಲಗಳಲ್ಲಿ ಬೆಳೆದದ್ದು. ಆದರೆ ಅಲ್ಲಿನ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಶಾಸನವಿದೆ. ಅಳುಪ ದೊರೆ ಕುಂದವರ್ಮ ಅದನ್ನು ಸ್ಥಾಪಿಸಿದ್ದು ಕ್ರಿ.ಶ. 968ರಲ್ಲಿ. ಮೂರು ಮುಖ, ಆರು ಕೈ, ಸುಮಾರು ಐದು ಅಡಿ ಎತ್ತರ. ಕಿರೀಟದಲ್ಲಿ ಧ್ಯಾನಿ ಬುದ್ಧನ ಸಣ್ಣ ಬಿಂಬ. ಬೌದ್ಧರ ಅವಲೋಕಿತೇಶ್ವರನಿಗೆ ಇರುವ ಲಕ್ಷಣ ಅದು. ಶಾಸನ ಆ ಜಾಗವನ್ನು ವಿಹಾರ ಎನ್ನುತ್ತದೆ. ಮೇಲಿನ ಗುಡ್ಡದಲ್ಲಿ ನಾಥ ಪಂಥದ ಜೋಗಿ ಮಠ ಇದೆ. ಹನ್ನೆರಡು ವರ್ಷಕ್ಕೊಮ್ಮೆ, ನಾಸಿಕದ ಕುಂಭಮೇಳದ ನಂತರ, ಮಠದ ಹೊಸ ಅರಸನನ್ನು, ಅಂದರೆ ಮಠಾಧಿಪತಿಯನ್ನು, ಕರೆದುಕೊಂಡು ನಾಥ ಯೋಗಿಗಳು ತ್ರ್ಯಂಬಕೇಶ್ವರದಿಂದ ಇಲ್ಲಿಯವರೆಗೆ ನಡೆದೇ ಬರುತ್ತಾರೆ. ಬೌದ್ಧ, ನಾಥ, ಶೈವ ಮೂರೂ ಒಂದೇ ಗುಡ್ಡದಲ್ಲಿ. ಗೋಮುಖದಿಂದ ಬೀಳುವ ನೀರಿನ ಕೆರೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಕಂಚಿನ ಎರಕದ ನಯವನ್ನು ನೋಡಿದ ಮೇಲೆ, ಬೆನ್ ಯಿಜು ಕಾರ್ಖಾನೆ ಹೂಡಲು ಈ ಊರನ್ನೇ ಏಕೆ ಆರಿಸಿಕೊಂಡ ಎಂಬ ಪ್ರಶ್ನೆಗೆ ನನಗೆ ನನ್ನದೇ ಒಂದು ಉತ್ತರ ಹೊಳೆಯಿತು. ಎರಡರ ನಡುವೆ ನೇರ ನಂಟು ಇದೆ ಎಂದು ಸಾಧಿಸಲು ಹೊರಟಿಲ್ಲ. ಅಷ್ಟು ಒಳ್ಳೆಯ ಕೆಲಸ ಕಂಡಿದ್ದ ಊರು ಇದು, ಅಷ್ಟೇ.

ಕುದ್ರೋಳಿಯ ಗೋಕರ್ಣನಾಥೇಶ್ವರ ದೇವಸ್ಥಾನವನ್ನು ಚಿಕ್ಕದಾಗಿ ಹೇಳಿ ಮುಂದಕ್ಕೆ ಹೋಗುತ್ತೇನೆ. ಆಗ ಬೇರೆ ಗುಡಿಗಳಲ್ಲಿ ಪ್ರವೇಶವಿಲ್ಲದಿದ್ದ ಬಿಲ್ಲವ ಸಮುದಾಯಕ್ಕಾಗಿ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಗುಡಿ ಅದು. ನಮ್ಮ ಅರಮನೆ ಮುಗಿದ ವರ್ಷವೇ. ಇಂದು ಮಂಗಳೂರು ದಸರಾ ಎಂದು ಹೆಸರಾಗಿರುವುದು ಆ ಗುಡಿಯ ಉತ್ಸವ.

ಈಗ ಬಾವುಟಗುಡ್ಡೆ ಹತ್ತೋಣ. ಲೈಟ್‌ಹೌಸ್ ಹಿಲ್ ಎಂದರೂ ಇದೇ. 1837ರ ಏಪ್ರಿಲ್‌ನಲ್ಲಿ ಸುಳ್ಯ, ಪುತ್ತೂರು ಕಡೆಯ ರೈತರು ಕಂಪನಿಯ ವಿರುದ್ಧ ಎದ್ದು, ಮಂಗಳೂರಿನವರೆಗೆ ಬಂದು, ಕೆಲವು ದಿನ ಊರನ್ನು ಹಿಡಿದು ಈ ಗುಡ್ಡದ ಮೇಲೆ ಬಾವುಟ ಹಾರಿಸಿದರು. ಕೊಡಗಿನ ರಾಜ್ಯ 1834ರಲ್ಲಿ ಕಂಪನಿಗೆ ಹೋದಾಗ ಆ ಸೀಮೆಯನ್ನು ಕೆನರಾಕ್ಕೆ ಸೇರಿಸಿದ್ದರು. ಧಾನ್ಯದಲ್ಲಿ ಕೊಡುತ್ತಿದ್ದ ತೆರಿಗೆಯನ್ನು ಹಣದಲ್ಲಿ ಕೊಡಿ ಎಂದರು, ರೈತನ ಕೈಯಲ್ಲಿ ಹಣವೆಲ್ಲಿ? ಅಮರ ಸುಳ್ಯದ ದಂಗೆ ಎಂದು ಕರೆಯುವುದು ಇದನ್ನೇ. ಗುಡ್ಡದ ಮೇಲೆ ಆ ಕಾಲದ ಕಲ್ಲುಗೋಡೆ ಏನೂ ಇಲ್ಲ. ಹೆಸರೇ ಸ್ಮಾರಕ.

ಅದೇ ಗುಡ್ಡದ ಮೇಲೆ ಸೇಂಟ್ ಅಲೋಶಿಯಸ್ ಪ್ರಾರ್ಥನಾಲಯ ಇದೆ. ಇಡೀ ದಿನದಲ್ಲಿ ಒಂದೇ ಒಂದು ಕಟ್ಟಡ ನೋಡಲು ಸಮಯವಿದೆ ಎಂದರೆ ಇದನ್ನೇ ನೋಡಿ ಎನ್ನುತ್ತೇನೆ. ಜೆಸ್ಯುಟರು 1880ರಲ್ಲಿ ಕಾಲೇಜು ಆರಂಭಿಸಿದರು, 1884ರಲ್ಲಿ ಪ್ರಾರ್ಥನಾಲಯ ಕಟ್ಟಿದರು. ಹೊರಗಿನಿಂದ ಸರಳವಾದ, ಹೆಂಚು ಹೊದಿಸಿದ ಉದ್ದನೆಯ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಚಾವಣಿ ಎಲ್ಲೆಡೆ ಚಿತ್ರ. ಬರೆದವರು ಆಂತೋನಿಯೊ ಮೊಸ್ಕೇನಿ, ಇಟಲಿಯ ಬೆರ್ಗಾಮೊ ಬಳಿಯ ಸ್ಟೆಜ್ಜಾನೊ ಎಂಬ ಊರಿನವರು. 1899ರಿಂದ 1901ರವರೆಗೆ ಇಲ್ಲಿ ಕೆಲಸ ಮಾಡಿದರು. ಪಾದ್ರಿಯಲ್ಲ, ಜೆಸ್ಯುಟ್ ಸಭೆಯ ಸಹೋದರ.

ಗೋಡೆಯ ಚಿತ್ರಗಳ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದುಕೊಂಡು ನೋಡಿದರೆ ಬೆರಗು ಹೆಚ್ಚುತ್ತದೆ. ಹಸಿ ಸುಣ್ಣದ ಗಾರೆ ಬಳಿದು, ಅದು ಒಣಗುವುದರೊಳಗೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಒಂದು ದಿನಕ್ಕೆ ಎಷ್ಟು ಬರೆಯಬಲ್ಲರೋ ಅಷ್ಟೇ ಗಾರೆ ಬಳಿಯಬೇಕು. ತಪ್ಪಿದರೆ ಕಿತ್ತು ಮತ್ತೆ ಬಳಿಯಬೇಕು. ಇಟಲಿಯ ಹವೆಗೆ ರೂಪುಗೊಂಡ ಈ ವಿದ್ಯೆಯನ್ನು ಗೋಡೆ ಬೆವರುವ ಊರಿನಲ್ಲಿ ಒಬ್ಬ ಮನುಷ್ಯ ಪ್ರಯೋಗಿಸಿದ. ಚಾವಣಿಗೆ ಮಾತ್ರ ಕ್ಯಾನ್ವಾಸಿನ ಮೇಲೆ ಬರೆದು ಹೊಂದಿಸಿದರು. ಮೇಲೆ ಮರ, ಹೆಂಚು ಇರುವಾಗ ಬೇರೆ ದಾರಿ ಇರಲಿಲ್ಲ. ನಡುಸಾಲಿನ ಚಿತ್ರಗಳಲ್ಲಿ ಅಲೋಶಿಯಸ್ ಗೊನ್ಜಾಗನ ಬದುಕಿದೆ. ಸಿರಿವಂತ ಮನೆತನವನ್ನು ಬಿಟ್ಟು ಬಂದು, ಪ್ಲೇಗ್ ರೋಗಿಗಳ ಸೇವೆ ಮಾಡುತ್ತ 1591ರಲ್ಲಿ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡ ತರುಣ ಅವನು. ಮೊಸ್ಕೇನಿ ಬರೆಯುತ್ತಿದ್ದ ಆ ವರ್ಷಗಳಲ್ಲಿ ಇಲ್ಲಿ ನಮ್ಮ ಮೈಸೂರಿನಲ್ಲಿಯೂ ಪ್ಲೇಗ್ ಹೆಣಗಳನ್ನು ಉರುಳಿಸುತ್ತಿತ್ತು. ಊರು ಖಾಲಿಯಾಗಿ ಹೊಸ ಬಡಾವಣೆಗಳು ಹುಟ್ಟುವ ಕಾಲ. ಆ ಚಿತ್ರದ ಕೆಳಗೆ ನಿಂತು ತಲೆಯೆತ್ತಿ ನೋಡಿದ ಅಂದಿನ ವಿದ್ಯಾರ್ಥಿಗೆ ಅದು ದೂರದ ಇಟಲಿಯ ಕಥೆ ಎಂದು ಖಂಡಿತ ಅನ್ನಿಸಿರಲಾರದು.

ಮೊಸ್ಕೇನಿ ಮರಳಿ ಊರಿಗೆ ಹೋಗಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಒಂದು ಶತಮಾನದ ತೇವಕ್ಕೆ ಮಸುಕಾದ ಚಿತ್ರಗಳನ್ನು 1990ರ ದಶಕದಲ್ಲಿ ತಜ್ಞರು ತಾಳ್ಮೆಯಿಂದ ಶುಚಿಗೊಳಿಸಿದರು. ಮೊದಲು ಚಾವಣಿ ಸೋರದಂತೆ ಮಾಡಬೇಕು, ಬಣ್ಣದ ಮಾತು ಆಮೇಲೆ. ನಮ್ಮ ಊರಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದಾಗ ನನಗೆ ನೆನಪಾದದ್ದು ಈ ಚಾವಣಿ. ಮಂಗಳೂರಿನವರಿಗೆ ಮಳೆ ಪ್ರತಿ ವರ್ಷ ಎಚ್ಚರಿಕೆ ಕೊಡುತ್ತದೆ. ನಮಗೆ ಅಂಥ ಕಟ್ಟುನಿಟ್ಟಿನ ಮೇಷ್ಟರು ಇಲ್ಲ.

ಬಲ್ಮಠಕ್ಕೆ ಬಂದರೆ ನಾವು ಕನ್ನಡದ ಅಚ್ಚಿನ ಹಿತ್ತಲಿಗೆ ಬಂದಂತೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಕನ್ನಡದ ಮೊದಲ ಪತ್ರಿಕೆ. ಅದಕ್ಕಾಗಿಯೇ ಜುಲೈ 1 ನಮ್ಮ ಪತ್ರಿಕಾ ದಿನ. 1894ರಲ್ಲಿ ಕಿಟೆಲ್ ಅವರ ಕನ್ನಡ ನಿಘಂಟು ಇಲ್ಲಿನ ಮುದ್ರಣಾಲಯದಲ್ಲಿ ಅಚ್ಚಾಯಿತು, ಸುಮಾರು 70,000 ಪದಗಳು. ಅದೇ ಆವರಣದ ಶಾಂತಿ ಕೆಥೆಡ್ರಲ್ 1862ರದ್ದು. ನಿಘಂಟಿನ ಒಂದೊಂದು ಅಚ್ಚುಮೊಳೆಯನ್ನು ಜೋಡಿಸಿದ ಮಂಗಳೂರಿನ ಕೆಲಸಗಾರರ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ಅಲ್ಲಿ ನಿಂತಾಗ ನಾನು ಅವರನ್ನು ನೆನೆಯುತ್ತೇನೆ.

ಈಗ ಈ ಹೆಂಚು. ಚಾಮರಾಜಪುರಂನಲ್ಲಿದ್ದ ನಮ್ಮ ಹಳೆಯ ಮನೆಯ ಚಾವಣಿಯದು. ಹುಡುಗನಾಗಿದ್ದಾಗ ದುರಸ್ತಿಯ ದಿನ ಕೆಳಗೆ ಇಳಿಸಿದ ಹೆಂಚಿನ ಒಳಮೈಯಲ್ಲಿ ಬಾಸೆಲ್ ಮಿಷನ್, ಮಂಗಳೂರು, 1865 ಎಂದು ಇಂಗ್ಲಿಷಿನಲ್ಲಿ ಉಬ್ಬಿದ ಅಕ್ಷರ ಕಂಡು, ನಮ್ಮ ಮನೆ 1865ರದ್ದು ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. ಮನೆ ಕಟ್ಟಿಸಿದ್ದು ನನ್ನ ಅಜ್ಜ, ಅದಕ್ಕೆ ಎಷ್ಟೋ ವರ್ಷ ಆಮೇಲೆ. 1865 ಎಂಬುದು ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಪ್ಲೆಬ್ಸ್ಟ್ ಎಂಬ ಮಿಷನರಿ ಮೊದಲ ಹೆಂಚಿನ ಕಾರ್ಖಾನೆ ಆರಂಭಿಸಿದ ವರ್ಷ. ಫಲಕದ ಇಸವಿ ಎಂಬ ಪಾಠವನ್ನು ನನಗೆ ಮೊದಲು ಕಲಿಸಿದ್ದು ಈ ಹೆಂಚು.

ಹಾಗಾದರೆ ಹೆಂಚಿನ ನಿಜವಾದ ವಯಸ್ಸು ತಿಳಿಯುವುದು ಹೇಗೆ? ಇಸವಿಯನ್ನು ಬಿಟ್ಟು ಹೆಸರನ್ನು ಓದಬೇಕು. ಮೊದಲ ಮಹಾಯುದ್ಧದಲ್ಲಿ ಸರ್ಕಾರ ಬಾಸೆಲ್ ಮಿಷನ್ನಿನ ಉದ್ಯಮಗಳನ್ನು ವಶಕ್ಕೆ ತೆಗೆದುಕೊಂಡಿತು. ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ಹೋದವು. ಬಾಸೆಲ್ ಮಿಷನ್ ಎಂದಿದ್ದರೆ ಯುದ್ಧಕ್ಕೆ ಮುಂಚಿನದು, ಕಾಮನ್‌ವೆಲ್ತ್ ಟ್ರಸ್ಟ್ ಎಂದಿದ್ದರೆ ನಂತರದ್ದು. ಆಲ್ಬುಕರ್ಕ್ ಎಂಬ ಹೆಸರಿದ್ದರೆ 1868ರಲ್ಲಿ ಆರಂಭವಾದ ಮಂಗಳೂರಿನವರದೇ ಕಾರ್ಖಾನೆಯದು. ಎರಡು ನದಿಗಳ ದಡದ ಜೇಡಿಮಣ್ಣು, ಅಚ್ಚಿನಲ್ಲಿ ಒತ್ತಿ, ಭಟ್ಟಿಯಲ್ಲಿ ಸುಟ್ಟದ್ದು. ಒಂದರ ಅಂಚು ಇನ್ನೊಂದರ ಕಾಲುವೆಯೊಳಗೆ ಕೂರುತ್ತದೆ, ಹಿಂಬದಿಯ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಗಾರೆ ಬೇಡ, ಮೊಳೆ ಬೇಡ. ಒಡೆದರೆ ಒಂದನ್ನು ತೆಗೆದು ಒಂದನ್ನು ಹಾಕಿದರೆ ಆಯಿತು. ಆ ಮಳೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ.

ಹೋಗುವುದಾದರೆ ಜುಲೈನಲ್ಲಿಯೇ ಹೋಗಿ. ಛತ್ರಿ ಹಿಡಿದು ಬಂದರಿನ ಸಾಲು ಗೋದಾಮುಗಳ ಎದುರು ನಿಂತು, ಆ ಚಾವಣಿಗಳು ಕೆಲಸ ಮಾಡುವುದನ್ನು ನೋಡಿ. ಹೋಗುವ ಮುಂಚೆ ಇಲ್ಲಿಯೇ ಮಾಡಬಹುದಾದ ಕೆಲಸವೂ ಒಂದಿದೆ. ಲಕ್ಷ್ಮೀಪುರಂ, ಚಾಮರಾಜಪುರಂ, ಕೃಷ್ಣಮೂರ್ತಿಪುರಂ ಬೀದಿಗಳಲ್ಲಿ ಹೆಂಚಿನ ಮನೆಗಳು ವರ್ಷವರ್ಷವೂ ಇಳಿಯುತ್ತಿವೆ. ಎಲ್ಲಿಯಾದರೂ ಹೆಂಚು ಇಳಿಸುವುದನ್ನು ಕಂಡರೆ ನಿಂತು, ಒಂದನ್ನು ತಿರುಗಿಸಿ, ಒಳಮೈಯ ಅಕ್ಷರವನ್ನೂ ಬೀದಿಯ ಹೆಸರನ್ನೂ ಬರೆದುಕೊಳ್ಳಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ನನ್ನ ಪುಸ್ತಕದಲ್ಲಿ ಈಗ ನಲವತ್ತೊಂದು ಮನೆಗಳಿವೆ.

ಇದನ್ನು ಮುಂದಿನ ಸಾಲಿನಿಂದ ಕೈಯಿಂದ ಕೈಗೆ ದಾಟಿಸಿ. ಎರಡೂ ಕೈಗಳಿಂದ ಹಿಡಿದುಕೊಳ್ಳಿ, ಕಾಣುವುದಕ್ಕಿಂತ ಭಾರವಾಗಿದೆ. ತಿರುಗಿಸಿ ಅಕ್ಷರ ಓದಿದ ಮೇಲೆ, ಎಡಗಡೆಯ ಅಂಚಿನ ಮೇಲೆ ಬೆರಳಾಡಿಸಿ. ಹಸಿಯಾಗಿದ್ದಾಗ ಯಾರೋ ಎತ್ತಿಟ್ಟ ಹೆಬ್ಬೆರಳಿನ ಗುರುತು ಅಲ್ಲಿದೆ.